ಹಲಗಿ ಕಾಯಿಸಿದ ಸಂಜೆ

ನಾರಾಯಣಗೂಡದ ಆ ಸಭಾಂಗಣದಲ್ಲಿ ಮುಂದೆ ಕೂತವರಿಗೆ ಮೆತ್ತನೆಯ ಕುರ್ಚಿ, ತಣ್ಣನೆಯ ಗಾಳಿ. ಪರದೆಯ ಹಿಂದೆ ದುಡಿಯುವವರಿಗೆ ಮೂಗು ಕಟ್ಟುವಷ್ಟು ಧೂಳು. ಗುರುದೇವಿ ಇದನ್ನು ಪ್ರತಿ ವರ್ಷ ಬೈಯುತ್ತಾಳೆ, ಪ್ರತಿ ವರ್ಷ ಬರುತ್ತಾಳೆ. ಅಮೀರ್‌ಪೇಟ್‌ನಲ್ಲಿ ಹಾಸ್ಟೆಲ್ ಹುಡುಗಿಯರಿಗೆ ರೊಟ್ಟಿ ಬಡಿದು ಹಾಕುವ ಮೆಸ್ಸು ಅವಳದು, ಊರು ರಾಯಚೂರು. ಕಟ್ಟಡ ಕೆಲಸದವರ ಮಕ್ಕಳಿಗೆ ಸಂಜೆ ಪಾಠ ಹೇಳಿಕೊಡುವ ಯುವಕರ ಟ್ರಸ್ಟಿನ ವಾರ್ಷಿಕೋತ್ಸವ ಬಂತೆಂದರೆ ಮೆಸ್ಸಿಗೆ ಬೀಗ. ಬಟ್ಟೆಗೆ ಇಸ್ತ್ರಿ ಹಾಕುವುದು, ಜಡೆ ಹೆಣೆಯುವುದು, ಅಳುವ ಚಿಕ್ಕವರನ್ನು ಗದರುವುದು, ಪರದೆಯ ಹಗ್ಗ ಎಳೆಯುವುದು ಎಲ್ಲ ಅವಳ ಪಾಲು. ಸಂಬಳವಿಲ್ಲ, ಹಾಗಾಗಿ ಯಾರ ಹೆದರಿಕೆಯೂ ಇಲ್ಲ.

ಅಂದು ಸಂಜೆ ಲಂಗಗಳ ಗುಡ್ಡೆಯ ಮುಂದೆ ನಿಂತು ಬೆವರು ಒರೆಸಿಕೊಳ್ಳುತ್ತಿದ್ದವಳ ಬಳಿಗೆ ಭಾಗ್ಯಶ್ರೀ ವೇದಿಕೆಯ ಮೇಲೆ ಬಾರಿಸಬೇಕಿದ್ದ ಹಲಗಿಯನ್ನು ಎದೆಗವಚಿಕೊಂಡು ಬಂದಳು. ಟ್ರಸ್ಟಿನ ಪಾಠದಲ್ಲೇ ಓದಿ ಕಾಲೇಜು ಸೇರಿದ ಹುಡುಗಿ, ಯಾದಗಿರಿ ಕಡೆಯ ಹುಸೇನಪ್ಪನ ಮಗಳು. ಮುಖ ಬಾಡಿತ್ತು.

“ಅತ್ತಿ, ಈ ಏಸಿ ಗಾಳಿಗಿ ಚರ್ಮ ಸಡಲಾಗೈತಿ. ಬಡದ್ರ ಬರೇ ಥಪ್ ಥಪ್ ಅಂತೈತಿ. ಬೆಂಕಿಗಿ ಹಿಡದು ಕಾಯಿಸ್ಬೇಕು.”

“ಬೆಂಕಿ? ಇಲ್ಲಿ ಊದಿನಕಡ್ಡಿ ಹಚ್ಚಿದ್ರೂ ವಾಚಮನ್ ಓಡಿ ಬರ್ತಾನ. ತಾ ಇಲ್ಲಿ, ಇಸ್ತ್ರಿ ಐತೆಲ್ಲ!”

ಗುರುದೇವಿ ಹಲಗಿಯನ್ನು ಮೇಜಿನ ಮೇಲೆ ಮಲಗಿಸಿದಳು. ಇಸ್ತ್ರಿಗೆ ಮೊದಲು ನೀರು ಚಿಮುಕಿಸುವುದು ಅವಳ ರೂಢಿ. ಕೈ ತನ್ನ ಪಾಡಿಗೆ ತಾನು ನೀರಿನ ಬಟ್ಟಲಿಗೆ ಹೋಯಿತು. ಭಾಗ್ಯಶ್ರೀ ಕಿಟಾರನೆ ಕಿರುಚಿದಳು.

“ನೀರ ಬ್ಯಾಡ ಅತ್ತಿ! ಸತ್ತೇ ಹೋಗ್ತೈತಿ ಅದು!”

“ಅಯ್ಯ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಹಲಗಿನೂ ಲಂಗ ಅಂತ ತಿಳದಿದ್ದೆ.”

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಗುರುದೇವಿ ಇಸ್ತ್ರಿಪೆಟ್ಟಿಗೆಯನ್ನು ಚರ್ಮಕ್ಕೆ ತಾಗದಂತೆ ಒಂದಿಷ್ಟು ಮೇಲೆ ಹಿಡಿದು ಸುತ್ತ ಆಡಿಸಿದಳು, ಹುಡುಗಿ ನಡುನಡುವೆ ಬೆರಳಿನಿಂದ ತಟ್ಟಿ ನೋಡಿದಳು. ನಿಧಾನಕ್ಕೆ ಚರ್ಮ ಬಿಗಿದು ದನಿ ತೆರೆದುಕೊಂಡಿತು.

“ನಿಮ್ಮಪ್ಪ ಬಂದಾನೇನ?”

“ಬಂದಾನ. ಅವ್ವನ ಜೋಡಿ ಹಿಂದಿನ ಸಾಲಿನಾಗ ಕುಂತಾನ.” ಭಾಗ್ಯಶ್ರೀ ತಲೆ ಎತ್ತಲಿಲ್ಲ. ಹುಸೇನಪ್ಪ ಹೋದ ವರ್ಷ ಕಟ್ಟಡದ ಸಾರುವೆಯಿಂದ ಬಿದ್ದು ಕಾಲು ಮುರಿದುಕೊಂಡಿದ್ದ, ಈಗ ಊರುಗೋಲಿಲ್ಲದೆ ಹೆಜ್ಜೆ ಏಳುತ್ತಿರಲಿಲ್ಲ. “ಊರಾಗ ಯಾರರ ಸತ್ರ ಅಪ್ಪನ್ನ ಕರೀತಿದ್ರು. ಬಿಸಲಾಗ ನಿಂತು ಬಾರಸ್ತಿದ್ದ. ಕುಂದ್ರಪಾ ಅಂತ ಒಬ್ಬರೂ ಅಂದಿದ್ದಿಲ್ಲ. ಇವತ್ತ ಕುರ್ಚಿ ಮ್ಯಾಲ ಕುಂತು ಮಗಳ ಹಲಗಿ ಕೇಳಾಕ ಬಂದಾನ ಅತ್ತಿ. ಅದಕ್ಕ ಕೈ ನಡಗಾಕತ್ತಾವ.”

ಗುರುದೇವಿ ಇಸ್ತ್ರಿಪೆಟ್ಟಿಗೆಯನ್ನು ಬದಿಗಿಟ್ಟಳು. “ನಡಗ್ಲಿ ಬಿಡು, ಬಡಿಯಾಕ ಹತ್ತಿದ್ರ ತಾವ ಸುಮ್ಮನಾಗ್ತಾವ,” ಎಂದು ಹುಡುಗಿಯ ಸೆರಗು ಸರಿಮಾಡಿದಳು.

ಅಷ್ಟರಲ್ಲಿ ಪದ್ಮನಾಭ ಓಡಿಬಂದ. ಟ್ರಸ್ಟಿನ ಕಾರ್ಯದರ್ಶಿ, ಮೈಸೂರಿನ ಸಾಫ್ಟ್‌ವೇರ್ ಹುಡುಗ, ರಜಾ ದಿನವೆಲ್ಲ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಾನೆ. ಕೆಟ್ಟವನಲ್ಲ. ದಾನಿಗಳ ಮುಂದೆ ಮಾತ್ರ ಬೆನ್ನು ತಾನಾಗಿಯೇ ಬಾಗುತ್ತದೆ, ಅದೊಂದು ರೋಗ.

“ಗುರುದೇವಮ್ಮ, ಒಂದು ಸಣ್ಣ ಬದಲಾವಣೆ. ಹಲಗಿ ತೆಗೀತಿದ್ದೀವಿ. ಭಾಗ್ಯ, ನೀನು ಹಳೇ ಯೂನಿಫಾರ್ಮ್ ಹಾಕ್ಕೊಂಡು ಬಾ. ಅಪ್ಪ ಬಿದ್ದಿದ್ದು, ಮನೇಲಿ ಕಷ್ಟಪಟ್ಟಿದ್ದು, ಟ್ರಸ್ಟ್ ಕೈ ಹಿಡಿದಿದ್ದು, ಅಷ್ಟು ಹೇಳು. ಆಮೇಲೆ ಅಪ್ಪನ್ನ ವೇದಿಕೆಗೆ ಕರೀತೀವಿ. ಊರುಗೋಲು ಹಿಡ್ಕೊಂಡು ನಿಧಾನಕ್ಕೆ ನಡ್ಕೊಂಡು ಬರಲಿ. ಅಳು ಬಂದರೆ ತಡ್ಕೋಬೇಡ.”

“ಯಾಕ್ರಿ ಇದು?” ಎಂದಳು ಗುರುದೇವಿ.

“ಮುಂದಿನ ಸಾಲಿನ ಸಾಹೇಬರು ಪಾಠಕ್ಕೆ ಹೊಸ ಕೋಣೆ ಕಟ್ಟಿಸಿಕೊಡೋ ಮನಸ್ಸಲ್ಲಿದ್ದಾರೆ. ಈ ಬಡಿಯೋದು ಗಿಡಿಯೋದು ಬೇಡ, ಮನಸ್ಸಿಗೆ ತಟ್ಟೋ ಥರ ಏನಾದರೂ ಇರಲಿ ಅಂದರು. ಎಲ್ಲ ಮಕ್ಕಳಿಗೂ ಒಳ್ಳೇದಾಗುತ್ತೆ ಅಲ್ವಾ?”

ಭಾಗ್ಯಶ್ರೀ ನೆಲ ನೋಡುತ್ತಲೇ ಹೇಳಿದಳು: “ಸರ್, ಅಪ್ಪ ತೋರಿಸ್ಕೊಳ್ಳಾಕ ಬಂದಿಲ್ಲ. ಕೇಳಾಕ ಬಂದಾನ.”

ಗುರುದೇವಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯಿತು. “ಪದ್ಮನಾಭರ, ನಿಮ್ಮ ಮನ್ಯಾಗ ಯಾರರ ಕಾಲು ಮುರಕೊಂಡ್ರ ವೇದಿಕಿ ಹತ್ತಿಸಿ ಮಂದಿಗಿ ತೋರಸ್ತೀರೇನ್ರಿ?”

“ಹಾಗಲ್ಲಮ್ಮ...”

“ಹಂಗ ಐತ್ರಿ!”

ಅವನ ಮುಖ ಕೆಂಪಾಯಿತು. “ವಾದ ಮಾಡೋಕೆ ಈಗ ಟೈಮಿಲ್ಲ. ಹೇಳಿದಷ್ಟು ಮಾಡಿ,” ಎಂದು ಹೊರಟೇಹೋದ. ಹೊರಗೆ ಮೈಕಿನಲ್ಲಿ ಭಾಗ್ಯಶ್ರೀಯ ಹೆಸರು ಕೂಗಿದರು.

“ಅತ್ತಿ, ನಾ ಏನ ಮಾಡ್ಲಿ?”

“ಬಾಯಿ ನಿಂದು, ಕೈ ನಿಂದು, ಅಪ್ಪನೂ ನಿನ್ನಾವನ. ನಾ ಏನ ಹೇಳ್ಲಿ? ಒಂದು ಮಾತ್ರ ಹೇಳ್ತೀನಿ, ಪರದಿ ಹಗ್ಗ ನನ್ನ ಕೈಯಾಗೈತಿ.”

ಹುಡುಗಿ ಹಲಗಿಯನ್ನು ಹೆಗಲಿಗೇರಿಸಿಕೊಂಡು ಹಳದಿ ಸೀರೆಯಲ್ಲೇ ಬೆಳಕಿಗೆ ನಡೆದಳು. ಎಲ್ಲರಿಗೂ ತಿಳಿಯಲೆಂದು ಆ ಊರಿನ ತೆಲುಗಿನಲ್ಲಿ ಮಾತಾಡಿದಳು. ನನ್ನ ತಂದೆ ಬಿದ್ದದ್ದು ನಿಜ, ಆ ಕಥೆ ಅವರದು, ಬೇಕೆನಿಸಿದರೆ ಅವರೇ ಹೇಳುತ್ತಾರೆ, ಅವರು ಕಲಿಸಿದ್ದನ್ನು ನಾನು ಕೇಳಿಸುತ್ತೇನೆ ಎಂದಳು. ಮೈಕನ್ನು ಪಕ್ಕಕ್ಕೆ ಸರಿಸಿ ಮೊದಲ ಪೆಟ್ಟು ಹಾಕಿದಳು.

ಎಂಥ ಪೆಟ್ಟು ಅದು! ಕಿಟಕಿಯ ಗಾಜು ಅದುರಿದವು. ಪದ್ಮನಾಭ ಏದುಸಿರು ಬಿಡುತ್ತ ಒಳಗೆ ನುಗ್ಗಿದ.

“ಪರದೆ ಎಳೀರಿ! ಎಳೀರಮ್ಮಾ!”

“ಎಳ್ಯಾಂಗಿಲ್ರಿ.” ಗುರುದೇವಿ ಹಗ್ಗವನ್ನು ಮುಂಗೈಗೆ ಸುತ್ತಿಕೊಂಡಳು.

“ಹಾಗಾದರೆ ಮುಂದಿನ ವರ್ಷದಿಂದ ನೀವು ಬರಬೇಡಿ.”

“ಬರ್ತೀನ್ರಿ. ನೀವು ಯಾರು ಬ್ಯಾಡ ಅನ್ನಾಕ? ಇಸ್ತ್ರಿಪೆಟ್ಟಿಗಿ ನಂದೈತಿ.”

ಅವನು ಹಗ್ಗಕ್ಕೆ ಕೈ ಹಾಕಿದ. ಅವಳು ಕಣ್ಣು ಕೆಕ್ಕರಿಸಿದಳು. ಅವನು ಕೈ ತೆಗೆದ.

ಅದೇ ಹೊತ್ತಿಗೆ ಮುಂದಿನ ಸಾಲಿನ ಸಾಹೇಬರು ಎದ್ದು ನಿಂತರು. ಕೋಟು ಜಗ್ಗಿಕೊಂಡು, ಯಾರ ಮುಖವನ್ನೂ ನೋಡದೆ, ನಡುದಾರಿಯಲ್ಲಿ ಬಾಗಿಲ ಕಡೆ ಹೊರಟರು. ಭಾಗ್ಯಶ್ರೀ ಅದನ್ನು ಕಂಡಳು. ಒಂದು ಪೆಟ್ಟು ತಪ್ಪಿತು, ಮುಂದಿನದು ಬೀಳಲೇ ಇಲ್ಲ. ಬಾರಸ ಮಗಳ, ಬಾರಸ, ಎಂದು ಗುರುದೇವಿ ಒಳಗೊಳಗೇ ಬೇಡಿಕೊಂಡಳು.

“ಯಾಕ ನಿಂತಿ ಅವ್ವಾ?” ಹಿಂದಿನ ಸಾಲಿನಿಂದ ಹುಸೇನಪ್ಪನ ದನಿ ಎದ್ದಿತು. “ಬಾರಸು! ಇನ್ನಾ ಜೋರ ಬಾರಸು!”

ಹುಡುಗಿಯ ಕೈ ಮತ್ತೆ ಎದ್ದಿತು. ಈ ಸಲ ಬಿದ್ದ ಪೆಟ್ಟಿಗೆ ಹಿಂದಿನ ಸಾಲುಗಳು ಕೂತಲ್ಲಿ ಕೂರಲಿಲ್ಲ. ಮೊದಲು ಎದ್ದವಳು ಅವಳ ತಾಯಿ ಹುಸೇನಮ್ಮ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು. ಅವಳ ಹಿಂದೆ ಗಾರೆಯವರು, ಸೆಂಟ್ರಿಂಗಿನವರು, ಕಂಕುಳಲ್ಲಿ ಕೂಸು ಎತ್ತಿಕೊಂಡ ಹೆಂಗಸರು. ಸೀಟಿ ಹೊಡೆಯುತ್ತ, ಕುಣಿಯುತ್ತ ನಡುದಾರಿಯನ್ನೆಲ್ಲ ತುಂಬಿಬಿಟ್ಟರು. ಗುರುದೇವಿ ಅಳುತ್ತಲೂ ಇದ್ದಳು, ಪದ್ಮನಾಭನನ್ನು ನೋಡಿ ನಗುತ್ತಲೂ ಇದ್ದಳು. ಅವನು ಪರದೆಯ ಸಂದಿಯಿಂದ ಬಾಯಿ ತೆರೆದು ನೋಡುತ್ತಿದ್ದ.

ಸಾಹೇಬರಿಗೆ ಮುಂದೆ ಹೋಗಲೂ ದಾರಿಯಿಲ್ಲ, ಹಿಂದೆ ಬರಲೂ ದಾರಿಯಿಲ್ಲ. ಗುಂಪಿನ ನಡುವೆ ಸಿಕ್ಕಿಕೊಂಡು ಹಲಗಿ ಮುಗಿಯುವವರೆಗೆ ನಿಂತೇ ಕೇಳಿದರು. ಹುಸೇನಪ್ಪ ಕುರ್ಚಿಯಲ್ಲಿ ಕೂತೇ ಕೇಳಿದ.