ಹಳದಿ ದೀಪಕ್ಕೆ ಕಪ್ಪು ಟೇಪು

ಮೂಡುಬಿದಿರೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಮಹಮ್ಮದ್ ಕುಂಞಿಯವರು ೨೦೦೯ರ ಮಳೆಗಾಲಕ್ಕೆ ಸ್ವಲ್ಪ ಮೊದಲು ಒಂದು ಸೆಕೆಂಡ್ ಹ್ಯಾಂಡ್ ಕಾರು ತಂದರು. ದೊಡ್ಡ ಕಾರು, ಒಳ್ಳೆಯ ಕಾರು. ಆದರೆ ನೇರ ರಸ್ತೆಯಲ್ಲಿಯೂ ಸ್ಟಿಯರಿಂಗ್ ಸ್ವಲ್ಪ ಎಡಕ್ಕೆ ವಾಲಿಕೊಂಡೇ ಇರುತ್ತಿತ್ತು. ಅವರು ಒಂದು ಗ್ಯಾರೇಜಿಗೆ ಹೋಗಿ, "ಇದನ್ನು ಬಿಚ್ಚಿ ನೆಟ್ಟಗೆ ಕೂರಿಸು ಮಾರಾಯ" ಎಂದರು. ಅವನು ಹಾಗೆಯೇ ಮಾಡಿಕೊಟ್ಟ.

ಸ್ಟಿಯರಿಂಗ್ ನೆಟ್ಟಗಾಯಿತು. ಆದರೆ ಮೀಟರಿನ ಪಕ್ಕದಲ್ಲಿ ಹಳದಿ ದೀಪವೊಂದು ಹತ್ತಿ, ಆರದೆ ಉಳಿಯಿತು. ದೀಪದಲ್ಲಿ ಪುಟ್ಟ ಕಾರಿನ ಚಿತ್ರ, ಅದರ ಹಿಂದೆ ಎರಡು ಡೊಂಕು ಗೆರೆ.

ಪಕ್ಕದ ಮನೆಯ ನೀಲಾವತಿ ಪಾಲಿಟೆಕ್ನಿಕ್‌ನಲ್ಲಿ ಆಟೊಮೊಬೈಲ್ ಪಾಠ ಮಾಡುವವರು. ದೀಪ ನೋಡಿದವರೇ ಹೇಳಿದರು. "ಕುಂಞಿಯವರೇ, ಇದು ಗಾಡಿ ಜಾರದ ಹಾಗೆ ನೋಡಿಕೊಳ್ಳುವ ಇಎಸ್‌ಸಿಯ ದೀಪ. ನೀವು ಎಷ್ಟು ತಿರುಗಿಸಿದಿರಿ ಅಂತ ತಿಳಿಸಲಿಕ್ಕೆ ಸ್ಟಿಯರಿಂಗ್ ಒಳಗೆ ಒಂದು ಸೆನ್ಸರ್ ಉಂಟು. ಗಾಡಿ ಬೇರೆ ಕಡೆಗೆ ಜಾರಿದರೆ ಕಂಪ್ಯೂಟರ್ ಬೇಕಾದ ಚಕ್ರಕ್ಕೆ ಮಾತ್ರ ಬ್ರೇಕ್ ಹಾಕಿ ದಾರಿಗೆ ತರುತ್ತದೆ. ಬಿಚ್ಚಿ ಕೂರಿಸುವಾಗ ಸೆನ್ಸರಿನ ಲೆಕ್ಕ ತಪ್ಪಿರಬೇಕು. ಈಗ ಅದು ಕೆಲಸ ನಿಲ್ಲಿಸಿದೆ."

"ನಾನು ಸೌದಿಯ ದಮ್ಮಾಮಿನಲ್ಲಿ ಎಷ್ಟೋ ವರ್ಷ ಗಾಡಿ ಓಡಿಸಿದವ ಟೀಚರ್. ಒಂದು ಸಲವೂ ಜಾರಲಿಲ್ಲ."

"ಅಲ್ಲಿ ಮಳೆ ಎಷ್ಟು ಬರುತ್ತದೆ?"

ಕುಂಞಿಯವರು ಹಾರ್ಡ್‌ವೇರ್ ಅಂಗಡಿಗೆ ಹೋಗಿ ವಯರಿಗೆ ಸುತ್ತುವ ಕಪ್ಪು ಟೇಪು ತಂದು ದೀಪದ ಮೇಲೆ ಅಂಟಿಸಿದರು. "ಈಗ ಸರಿಯಾಯಿತು" ಎಂದರು.

ಮಳೆ ಹಿಡಿದ ಮೇಲೆ ಒಂದು ಶುಕ್ರವಾರ ಗಂಡ ಹೆಂಡತಿ ಬಂಟ್ವಾಳದಾಚೆಯ ಮಾಣಿ ಎಂಬ ಊರಿಗೆ ಹೊರಟರು. ಹೆಂಡತಿ ಮಾಜಿದಾರ ಅಣ್ಣನ ಮನೆಯಲ್ಲಿ ಊಟ. ಮಾಜಿದಾ ಬಿರಿಯಾನಿಯ ಪಾತ್ರೆಯನ್ನು ಮಡಿಲಲ್ಲಿ ಇಟ್ಟುಕೊಂಡಿದ್ದರು. ಬಂಟ್ವಾಳಕ್ಕೆ ಮುಂಚಿನ ತಿರುವಿನಲ್ಲಿ ರಸ್ತೆ ತುಂಬ ನೀರು. ಕುಂಞಿಯವರು ಗಡಬಡಿಸಿ ಬ್ರೇಕ್ ಒತ್ತಿ ಸ್ಟಿಯರಿಂಗ್ ತಿರುಗಿಸಿದರು. ಹಿಂದಿನ ಚಕ್ರಗಳು ಜಾರಿದವು. ಕಾರು ಬುಗುರಿಯ ಹಾಗೆ ಅರ್ಧ ಸುತ್ತು ತಿರುಗಿ ನಿಂತಿತು. ಎದುರಿಗೆ, ಒಂದು ಮಾರು ದೂರದಲ್ಲಿ, ಅಲ್ಲಿಯವರೆಗೆ ಹಿಂದಿನಿಂದ ಬರುತ್ತಿದ್ದ ಮಾಣಿಯ ಬಸ್ಸು.

ಬಸ್ಸಿನ ಕಂಡಕ್ಟರ್ ಕೊಡೆ ಬಿಡಿಸಿ ಇಳಿದು ಬಂದು, ಕಿಟಕಿಯ ಹತ್ತಿರ ಬಗ್ಗಿ ಕೇಳಿದ. "ಸಾಹೇಬ್ರೇ, ನೀವು ಮಾಣಿಗೆ ಹೋಗುವುದಾ, ಅಲ್ಲ ಮಾಣಿಯಿಂದ ಬರುವುದಾ?"

ಯಾರಿಗೂ ಪೆಟ್ಟಾಗಿರಲಿಲ್ಲ. ಬಿರಿಯಾನಿ ಮಾತ್ರ ಅರ್ಧ ಮಾಜಿದಾರ ಸೀರೆಯಲ್ಲಿ, ಅರ್ಧ ಗೇರ್ ಲಿವರಿನ ಸುತ್ತ. ಮಾಜಿದಾ ದೀಪದ ಮೇಲಿನ ಟೇಪು ಕಿತ್ತು ಗಂಡನ ಅಂಗಿಯ ತೋಳಿಗೆ ಅಂಟಿಸಿದರು.

"ದೀಪಕ್ಕೆ ಯಾಕೆ ಹಚ್ಚಿದ್ದು? ನಿಮ್ಮ ಕಣ್ಣಿಗೇ ಹಚ್ಚಬಹುದಿತ್ತು. ಟೀಚರಿಗೆ ಫೋನ್ ಮಾಡಿ."

ಮರುದಿನ ನೀಲಾವತಿ ಕುಂಞಿಯವರನ್ನು ಅಬ್ದುಲ್ ಶುಕೂರ್ ಎಂಬವರ ಗ್ಯಾರೇಜಿಗೆ ಕರೆದುಕೊಂಡು ಹೋದರು. ಅಲ್ಲಿ ಗಾಡಿಯ ಕಂಪ್ಯೂಟರ್ ಹೇಳುವುದನ್ನು ಓದುವ ಸ್ಕ್ಯಾನರ್ ಇತ್ತು. ಶುಕೂರ್ ಮೊದಲು ನಾಲ್ಕೂ ಟಯರಿನ ಗಾಳಿ ನೋಡಿ ಸರಿ ಮಾಡಿದರು. ಇಎಸ್‌ಸಿ ಬಂದ್ ಮಾಡುವ ಬಟನನ್ನು ಯಾರಾದರೂ ಒತ್ತಿದ್ದಾರೋ ಎಂದು ನೋಡಿದರು. ಇಲ್ಲ. ಆಮೇಲೆ ಸ್ಕ್ಯಾನರ್ ಸಿಕ್ಕಿಸಿದರು.

"ಸ್ಟಿಯರಿಂಗ್ ನೆಟ್ಟಗೆ ಉಂಟು. ಸೆನ್ಸರ್ ಮಾತ್ರ ನೀವು ಬಲಕ್ಕೆ ತಿರುಗುತ್ತಾ ಇದ್ದೀರಿ ಅಂತ ಹೇಳ್ತದೆ" ಎಂದರು ಶುಕೂರ್.

"ಹಾಗಾದರೆ ಸೆನ್ಸರ್ ಬದಲು ಮಾಡಬೇಕಾ?" ಕುಂಞಿಯವರ ಮುಖ ಬಾಡಿತು.

"ಬೇಡ. ಸ್ಟಿಯರಿಂಗನ್ನು ಮೊದಲಿನ ಜಾಗದಲ್ಲೇ ಕೂರಿಸುವ. ವಾಲಿದ್ದನ್ನು, ಚಕ್ರಗಳನ್ನು ನೇರ ಮಾಡುವ ಅಲೈನ್‌ಮೆಂಟಿನಲ್ಲಿ ಸರಿ ಮಾಡಬೇಕಿತ್ತು. ಅದನ್ನು ಈಗ ಮಾಡಿ, ಇದೇ ನಡು ಅಂತ ಸೆನ್ಸರಿಗೆ ಹೊಸತಾಗಿ ಕಲಿಸಿದರೆ ಆಯಿತು" ಎಂದರು ನೀಲಾವತಿ.

ಮಧ್ಯಾಹ್ನದೊಳಗೆ ದೀಪ ಆರಿತು. ಪರೀಕ್ಷೆಗೆಂದು ಶುಕೂರ್ ಕಾರನ್ನು ಖಾಲಿ ಮೈದಾನದ ಒದ್ದೆ ಹುಲ್ಲಿನ ಮೇಲೆ ತಿರುಗಿಸಿದರು. ದೀಪ ಪಿಳಿಪಿಳಿ ಮಿಟುಕಿತು. ಪಕ್ಕದಲ್ಲಿ ಕೂತಿದ್ದ ಕುಂಞಿಯವರು ಬಾಗಿಲಿನ ಹಿಡಿ ಹಿಡಿದುಕೊಂಡರು. "ಪುನಃ ಬಂತಲ್ಲ."

"ಮಿಟುಕಿದರೆ ಅದು ಕೆಲಸ ಮಾಡ್ತಾ ಉಂಟು ಅಂತ ಲೆಕ್ಕ. ಆರದೆ ಉರಿಯುತ್ತಾ ಇದ್ದರೆ ಮಾತ್ರ ತೊಂದರೆ" ಎಂದರು ಹಿಂದಿನ ಸೀಟಿನಿಂದ ನೀಲಾವತಿ.

ಕಾರು ಜಾರದೆ, ತಿರುಗಿಸಿದ ಕಡೆಗೇ ಹೋಯಿತು. ಕುಂಞಿಯವರು ಇಳಿದು, "ಟೀಚರ್, ನೀವು ಹೇಳಿದ ದಿನವೇ ಕೇಳಬೇಕಿತ್ತು" ಎಂದರು.

ಓದುವ ಅಕ್ಕ ಅಣ್ಣಂದಿರೇ, ನಿಮ್ಮ ಗಾಡಿಯಲ್ಲಿಯೂ ಇಂಥ ದೀಪ ಆರದೆ ಉಳಿದಿದ್ದರೆ ವೇಗ ತಗ್ಗಿಸಿ. ಟಯರಿನ ಗಾಳಿ ನೋಡಿ. ಆಮೇಲೂ ಆರದಿದ್ದರೆ ಸ್ಕ್ಯಾನರ್ ಇರುವ ಗ್ಯಾರೇಜಿಗೆ ಹೋಗಿ. ಸ್ಟಿಯರಿಂಗ್ ಬಿಚ್ಚಿದಾಗಲೂ ಅಲೈನ್‌ಮೆಂಟ್ ಮಾಡಿಸಿದಾಗಲೂ, "ಸೆನ್ಸರಿನ ನಡು ಸರಿ ಮಾಡಿದಿರಾ?" ಎಂದು ಬಾಯಿ ಬಿಟ್ಟು ಕೇಳಿ. ಕೇಳಲು ನಾಚಿಕೆ ಬೇಡ. ಮಳೆಯ ರಸ್ತೆಯಲ್ಲಿ ನಿಮ್ಮ ಹಿಂದೆಯೂ ಒಂದು ಬಸ್ಸು ಬರುತ್ತಿರುತ್ತದೆ.