ಮೂರನೇ ಹಲಗೆಯ ಮೇಲೆ ನಿಂತ ರೈಲು

ನಾನು ಒಂದು ಹಲಗೆ. ನಾಲ್ಕು ಹಲಗೆಗಳನ್ನು ಜೋಡಿಸಿದರೆ ಒಂದು ಆಟಿಕೆ ರೈಲುದಾರಿಯಾಗುತ್ತದೆ; ಅದರಲ್ಲಿ ನಾನು ಮೂರನೆಯದು. ಯಾರನ್ನೂ ಸುಮ್ಮನೆ ನಂಬುವ ಜಾಯಮಾನ ನನ್ನದಲ್ಲ. ಪಕ್ಕದ ಹಲಗೆ ಕೂದಲೆಳೆಯಷ್ಟು ಜರುಗಿದರೂ ರೈಲು ಮುಗ್ಗರಿಸುವುದು ನನ್ನ ಮೇಲೆ, ಹೆಸರು ಕೆಡುವುದೂ ನನ್ನದೇ. ಹೀಗಿರುವಾಗ ನಂಬುವುದಾದರೂ ಹೇಗೆ?

ನಾನು ಹುಟ್ಟಿದ್ದು ಹುಬ್ಬಳ್ಳಿಯಲ್ಲಿ, ಮೌನೇಶಪ್ಪ ಬಡಿಗೇರರ ಪಡಸಾಲೆಯಲ್ಲಿ. ರೈಲ್ವೆ ಕಾರ್ಖಾನೆಯಲ್ಲಿ ಬಡಗಿಯಾಗಿದ್ದು ನಿವೃತ್ತರಾದವರು ಅವರು. ಪ್ಲೈವುಡ್ ಕೊಯ್ದು, ಅಂಚಿಗೆ ಹಿತ್ತಾಳೆ ಗೂಟ ಕೂರಿಸಿ ನನ್ನನ್ನು ಮಾಡಿದರು. ಹೊಟ್ಟೆಯೊಳಗೆ ವಾಯರ್ ಎಳೆದವರು ಗುರುಶಿದ್ದಪ್ಪ. ಅದೇ ಕಾರ್ಖಾನೆಯ ಎಲೆಕ್ಟ್ರಿಷಿಯನ್, ಸಾಲೆಯ ದಿನಗಳಿಂದಲೂ ಮೌನೇಶಪ್ಪನವರ ಗೆಳೆಯ. ನನ್ನ ಮೇಲೆ ಒಂದು ಪುಟ್ಟ ಸ್ಟೇಷನ್ ಕಟ್ಟಿ, ಸುತ್ತ ಕೆಮ್ಮಣ್ಣು ಉದುರಿಸಿ ಅಂಟಿಸಿದರು.

"ಮನ್ಯಾಗ ಓಡೋದು ದೊಡ್ಡ ಮಾತಲ್ಲಲೇ, ಮೌನ್ಯಾ. ಮಂದಿ ಮುಂದ ಓಡಬೇಕು" ಎನ್ನುತ್ತಿದ್ದರು ಗುರುಶಿದ್ದಪ್ಪ. ಅದಕ್ಕಾಗಿ ನಮ್ಮನ್ನು ಬಿಚ್ಚಿ, ಬೇಕೆಂದೇ ಕುಲುಕಿ, ಅಂಗಳದಲ್ಲಿ ಮತ್ತೆ ಜೋಡಿಸುವರು. ನೆಲ ಓರೆಯಿದ್ದರೂ ಮಟ್ಟ ಬರಲೆಂದು ಕಾಲುಗಳಿಗೆ ತಿರುಪು ಹಾಕಿದರು. ಹಳಿಯ ತುದಿ ಅಲುಗದಂತೆ ಹಿತ್ತಾಳೆ ಸ್ಕ್ರೂಗೆ ಬೆಸೆದರು. ಮನೆಯಲ್ಲಿ ಹಳಿ ಒರೆಸದೆ ರೈಲು ಬಿಟ್ಟವರೇ ಅಲ್ಲ; ಪ್ರದರ್ಶನಕ್ಕೆ ಹೋಗುವಾಗಲೂ ಮನೆಯಲ್ಲೇ ಒರೆಸಿ ಹೊರಡುವರು. ಇಷ್ಟೊಂದು ಆರೈಕೆ ಯಾಕೆ ಎಂದು ನನಗೆ ಆಗಲೇ ಅನುಮಾನ.

ಮೊದಲ ಪ್ರದರ್ಶನ ಒಂದು ಸಾಲೆಯಲ್ಲಿ. ರೈಲು ಠೀವಿಯಿಂದ ಹೊರಟು ನನ್ನ ಅಂಚಿಗೆ ಬಂದದ್ದೇ ನಿಂತುಬಿಟ್ಟಿತು. ಬೆರಳಿನಿಂದ ನೂಕಿದರೆ ಓಡಿತು. ಸುತ್ತಿ ಬಂದು ಮತ್ತೆ ಅಲ್ಲೇ ನಿಂತಿತು. "ಸಿಗ್ನಲ್ ಬಿದ್ದಿಲ್ರೀ!" ಎಂದು ಮಕ್ಕಳು ನಕ್ಕರು. ಗೆಳೆಯರಿಬ್ಬರೂ ಟಾರ್ಚ್ ಹಿಡಿದು ನನ್ನ ಕೆಳಗೆ ನುಗ್ಗಿದರು. ನಾನು ಎರಡನೇ ಹಲಗೆಯನ್ನು ಸಂಶಯಿಸಿದೆ; ಅದರ ಮೌನವೇ ನನಗೆ ಹಿಡಿಸಿರಲಿಲ್ಲ. ಮನೆಗೆ ಬಂದು ಹಳಿ ಒರೆಸಿ ಓಡಿಸಿದರೆ ಎಲ್ಲವೂ ಸರಿ! ಮುಂದಿನ ಪ್ರದರ್ಶನದಲ್ಲೂ ಇದೇ ಕಥೆ. ಹೊರಗೆ ಹೋದಾಗ ಮಾತ್ರ ಕೆಡುತ್ತದೆ ಎಂದರೆ ಒಳಗಿನವರದೇ ಕೆಲಸ ಎಂದು ನಾನು ತೀರ್ಮಾನಿಸಿದೆ. ಮೌನೇಶಪ್ಪನವರೂ ಹಾಗೇ ತೀರ್ಮಾನಿಸಿದ್ದರು.

"ಇದರಾಗ ಯಾರದೋ ಕೈ ಐತಿ" ಎಂದರು, ಜನ ಸೇರಿದ್ದಾಗಲೇ. ಗುರುಶಿದ್ದಪ್ಪ ತಮ್ಮ ಕೈ ನೋಡಿಕೊಂಡರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ! ಸಿಕ್ಕಿಬಿದ್ದ ಎಂದುಕೊಂಡೆ.

"ಪ್ರದರ್ಶನದ ಬೋರ್ಡಿನ ಮ್ಯಾಲ ನನ್ನ ಹೆಸರಷ್ಟ ಐತಂತ ನಿನಗ ಹೊಟ್ಟಿಕಿಚ್ಚು. ಬೇಕಂತ ವಾಯರ್ ಸಡ್ಲ ಬಿಟ್ಟೀ!"

ಗುರುಶಿದ್ದಪ್ಪ ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡು ಹೊರಟುಹೋದರು.

ಮುಂದಿನ ತಿಂಗಳು ಕಾರ್ಖಾನೆಯ ಹಳೆಯ ಕೆಲಸಗಾರರ ಕೂಟದಲ್ಲಿ ಪ್ರದರ್ಶನ. ಮೌನೇಶಪ್ಪ ಒಬ್ಬರೇ ನಮ್ಮನ್ನು ಟೆಂಪೋಗೆ ಸಾಗಿಸುತ್ತಿದ್ದರು. ತಿರುಪು ಬಿಗಿಯುವ ಪಾನಾ ಮರೆತು ಅದನ್ನು ತರಲು ಒಳಗೆ ಬಂದವರು ಬಾಗಿಲಲ್ಲೇ ನಿಂತರು. ಅವರ ಹೆಂಡತಿ ಕಾಳವ್ವ ಅರಿಸಿನ ಕುಂಕುಮ ಕಲಸಿ ನನ್ನ ಅಂಚಿಗೆ, ಹಳಿಯ ಮೇಲೂ ಹಾಯುವಂತೆ, ಬೆರಳಿನಿಂದ ಎಳೆಯುತ್ತಿದ್ದರು.

"ಮಂದಿ ದೃಷ್ಟಿ ಆಗಬಾರ್ದಂತ ಪ್ರತೀ ಸಲ ಹಚ್ಚತೇನ್ರಿ. ಇದು ಸ್ಟೇಷನ್ನಿನ ಹೊಸ್ತಿಲಾ ಅಲ್ಲೇನ್ರಿ?" ಎಂದು ಅವರು ನಕ್ಕರು.

ಒಣಗಿದ ಕುಂಕುಮ ಹಳಿಗೆ ಅಂಟಿ ಕರೆಂಟು ತಡೆಯುತ್ತಿತ್ತು. ಕೆಮ್ಮಣ್ಣಿನ ನಡುವೆ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಊರನ್ನೆಲ್ಲ ಸಂಶಯಿಸಿದ ನಾನು ಆ ತಂಪು ಬೆರಳನ್ನು ಮಾತ್ರ ಸಂಶಯಿಸಿರಲಿಲ್ಲ. ಮೌನೇಶಪ್ಪ ಹೆಂಡತಿಗೆ ಕಾರಣ ಹೇಳಲಿಲ್ಲ. ಇನ್ನು ಮುಂದೆ ಹಲಗೆಯ ಕಾಲಿಗೆ ಹಚ್ಚು ಎಂದಷ್ಟೇ ಹೇಳಿ, ಟೆಂಪೋದಲ್ಲಿ ಕೂತು ಹಳಿ ಒರೆಸಿದರು. ಅಂದು ರೈಲು ಎಲ್ಲೂ ನಿಲ್ಲಲಿಲ್ಲ.

ಕೂಟ ಮುಗಿಸಿ ಮೌನೇಶಪ್ಪ ಟೆಂಪೋವನ್ನು ನೇರ ಗುರುಶಿದ್ದಪ್ಪನವರ ಮನೆಗೆ ತಿರುಗಿಸಿದರು. ಬಾಗಿಲಲ್ಲೇ ನಿಂತು ಎಲ್ಲ ಹೇಳಿದರು. "ತಪ್ಪು ನಂದು, ಗುರ್ಶ್ಯಾ."

"ಇರ್ಲಿ ಬಿಡ್ರಿ. ಒಳಗ ಬರ್ರಿ, ಚಾ ಕುಡೀರಿ."

ಇಷ್ಟು ಬೇಗ ಕ್ಷಮೆಯೇ? ನನಗೆ ಸಂಶಯ ಬಂತು. ಜೀವಮಾನದಲ್ಲಿ ನನ್ನ ಸಂಶಯ ನಿಜವಾದದ್ದು ಅದೊಂದೇ ಸಲ.

ಗುರುಶಿದ್ದಪ್ಪ ಮತ್ತೆ ಪ್ರತಿ ಪ್ರದರ್ಶನಕ್ಕೂ ಬಂದರು. ಆದರೆ ನಮ್ಮ ಕೆಳಗೆ ಒಂದೊಂದು ವಾಯರಿನ ಜೋಡಣೆ ಮುಗಿದಾಗಲೂ ಟಾರ್ಚ್ ಹಚ್ಚಿ ನಿಲ್ಲುವರು. "ಬಂದು ನೋಡ್ರಿ. ನೀವು ನೋಡಿದ ಮ್ಯಾಲ ಮುಚ್ಚತೇನಿ." ಮೌನೇಶಪ್ಪ "ಏ, ಬಿಡೋ ಮಾರಾಯಾ" ಎಂದರೂ ಟಾರ್ಚ್ ಆರುತ್ತಿರಲಿಲ್ಲ. ಅವರು ಬಗ್ಗಿ ನೋಡಲೇಬೇಕಿತ್ತು.

ಈಗ ನನ್ನ ಪ್ಲೈವುಡ್ ಪದರು ಬಿಟ್ಟಿದೆ. ಕೂಟದವರ ಉಗ್ರಾಣದ ಅಟ್ಟದಲ್ಲಿ ಬಿದ್ದಿದ್ದೇನೆ. ರೈಲು ಒಮ್ಮೆಯೂ ನಿಲ್ಲದಂತೆ ಮಾಡಿದ ಜೋಡಿ ಎಂದು ಕೆಳಗೆ ಹೊಸಬರು ಅವರಿಬ್ಬರನ್ನು ಹೊಗಳುವುದು ಕೇಳಿಸುತ್ತದೆ. ಕೇಳಿದಾಗಲೆಲ್ಲ ನನಗೆ ಕೊನೆಯ ಪ್ರದರ್ಶನ ನೆನಪಾಗುತ್ತದೆ. ಅಂದು ಮೌನೇಶಪ್ಪನವರ ಮೊಣಕಾಲು ಸೋತಿತ್ತು, ಕುರ್ಚಿಯಲ್ಲಿ ಕೂತಿದ್ದರು. "ನನಗ ಬಗ್ಗಾಕ ಆಗಂಗಿಲ್ಲೋ. ನೀ ಮಾಡೀದಿ ಅಂದ್ರ ಸಾಕು" ಎಂದರು.

ಗುರುಶಿದ್ದಪ್ಪ ಟಾರ್ಚ್ ಕೆಳಗಿಟ್ಟರು. ಆಮೇಲೆ ಜೋಡಿಸಿದ್ದ ನನ್ನನ್ನು ಮತ್ತೆ ಬಿಚ್ಚಿ, ಎರಡೂ ಕೈಯಲ್ಲಿ ಎತ್ತಿ ತಂದು, ನನ್ನ ಹೊಟ್ಟೆಯ ವಾಯರುಗಳನ್ನು ಗೆಳೆಯನ ಕಣ್ಣ ಮುಂದೆ ಹಿಡಿದರು.

"ನೋಡ್ರಿ" ಎಂದರು.