ಎರಡು ಸಲ ಹಾಜರ್

ಹಾಜರಿ ಮನೆತನದವರನ್ನು ಒಂದು ಸಲ ಕೂಗಿದರೆ ಎರಡು ಸಲ ‘ಹಾಜರ್, ಹಾಜರ್’ ಎಂದು ಓಗೊಡುತ್ತಾರೆ. ಅಡ್ಡಹೆಸರೂ ಅದೇ, ಚಾಳಿಯೂ ಅದೇ. ಶಾಲೆಯಲ್ಲಿ ಮೇಷ್ಟ್ರು, “ಇನ್ನೊಬ್ಬ ಎಲ್ಲಪ್ಪಾ, ಜೇಬಲ್ಲಿದ್ದಾನಾ?” ಎಂದು ನಗುತ್ತಿದ್ದರು. ಇದು ಎಲ್ಲಿಂದ ಬಂತೆಂದರೆ ಊರಿನವರ ಬಳಿ ಉತ್ತರ ಸಿದ್ಧವಿತ್ತು: ಬಿಳಿ ದೊರೆಗಳ ಕಾಲದಲ್ಲಿ ಇವರ ಮುತ್ತಜ್ಜ ಜೈಲಿನಲ್ಲಿದ್ದ ಕಳ್ಳ, ಅಲ್ಲಿನ ಹಾಜರಿಗೆ ಓಗೊಟ್ಟು ಓಗೊಟ್ಟು ಅಂಟಿದ ಚಾಳಿ. ಊರ ಬಾಯಿಗೆ ಬೀಗ ಹಾಕುವವರು ಯಾರು?

ಈಗ ಆ ಮನೆತನದ ಮಗಳೊಬ್ಬಳ ಅಪ್ಪ ಆಸ್ಪತ್ರೆಯ ಮೂಲೆಯ ಮಂಚದಲ್ಲಿ ಇಂದೋ ನಾಳೆಯೋ ಎಂಬಂತಿದ್ದರು. ಮಗಳ ಕೈ ಹಿಡಿದು ಕೇಳಿದ್ದು ಒಂದೇ ಮಾತು. “ನಾವು ನಿಜವಾಗ್ಲೂ ಕಳ್ಳರ ವಂಶದೋರೇನಮ್ಮ? ತಿಳ್ಕೊಂಡು ಬಂದು ಹೇಳು.”

ಊರಿಗೆಲ್ಲ ಕನ್ನಡಕ ಮಾಡಿಕೊಡುವವಳು ಅವಳು. ತನ್ನ ಮನೆಯ ಕಥೆ ಮಾತ್ರ ಕಣ್ಣಿಗೆ ಬೀಳಲೊಲ್ಲದು. ಹಳೆಯ ಜೈಲು ಸಿಮೆಂಟಿನ ಗೋದಾಮಾಗಿತ್ತು. ಕಚೇರಿಯ ಕಾಗದಗಳನ್ನು ಗೆದ್ದಲು ಎಂದೋ ಮುಗಿಸಿತ್ತು. ಹುಚ್ಚಿಯ ಹಾಗೆ ಅಲೆದಲೆದು, ಕೊನೆಗೆ ಸೋದರತ್ತೆಯ ಅಡುಗೆಮನೆಯಲ್ಲಿ ಕುಸಿದು ಕುಳಿತು ಅತ್ತಳು.

“ಬರಿಗೈಲಿ ಹೇಗೆ ಹೋಗ್ಲಿ ಅತ್ತೆ?”

ಅತ್ತೆ ಒಲೆ ಆರಿಸಿದಳು.

“ಕಳ್ಳರಲ್ಲ ಕಣೇ. ನಮ್ಮಜ್ಜಿ ನಂಗೊಬ್ಳಿಗೇ ಹೇಳಿದ್ಲು, ಅಣ್ಣ ತಮ್ಮ ಇಬ್ಬರಿದ್ರು. ದೊರೆ ರಸ್ತೆಗೆ ಬಿಟ್ಟಿ ದುಡಿಯಲ್ಲ ಅಂದಿದ್ದಕ್ಕೆ ಒಳಗೆ ಹಾಕಿದ್ರು. ತಮ್ಮ ಗೋಡೆ ಹಾರಿದ. ಬೆಳಗಿನ ಕತ್ತಲಲ್ಲಿ ಹೆಸರು ಕೂಗ್ದಾಗ ಅಣ್ಣ ತನ್ನ ಹೆಸರಿಗೂ ಹಾಜರ್ ಅಂದ, ತಮ್ಮನ ಹೆಸರಿಗೂ ಹಾಜರ್ ಅಂದ. ಅಷ್ಟರಲ್ಲಿ ತಮ್ಮ ದೂರ ಹೋಗಿದ್ದ. ಗೊತ್ತಾದ್ಮೇಲೆ ಅಣ್ಣನ್ನ ಹೊಡೆದು ಸಾಯಿಸಿದ್ರು. ಅವತ್ತಿಂದ ತಮ್ಮ ಅಣ್ಣನ ಪಾಲಿಂದೂ ಸೇರಿಸಿ ಎರಡು ಸಲ ಹಾಜರ್ ಅನ್ನೋಕೆ ಶುರು ಮಾಡ್ದ.”

“ಇದನ್ನ ಇಷ್ಟು ದಿನ ಯಾಕೆ ಮುಚ್ಚಿಟ್ರಿ?”

“ಅಣ್ಣನಿಗೆ ಮಕ್ಕಳಿರ್ಲಿಲ್ಲ. ನಾವು ಓಡಿಹೋದೋನ ಕುಡಿ. ಯಾವ ಮುಖ ಇಟ್ಕೊಂಡು ಹೇಳ್ಲಿ?”

ಅವಳು ಎದ್ದೆನೋ ಬಿದ್ದೆನೋ ಎಂದು ಆಸ್ಪತ್ರೆಗೆ ಓಡಿದಳು.

ಅಪ್ಪನ ಕೈ ತಣ್ಣಗಿತ್ತು. ಉಸಿರಿರಲಿಲ್ಲ. ಆದರೂ ಅವಳು ಕಿವಿಗೆ ಬಾಯಿಟ್ಟು ಎಲ್ಲವನ್ನೂ ಹೇಳಿದಳು. “ಕಳ್ಳರಲ್ಲಪ್ಪ. ಕೇಳಿಸ್ತಾ? ಕಳ್ಳರಲ್ಲ.” ಒಂದು ಗಳಿಗೆ ಮುಂಚೆ ಬರಬಾರದಿತ್ತೇ ಎಂದು ತನ್ನನ್ನೇ ಬೈದುಕೊಂಡಳು.

ಬಾಗಿಲ ಕಡೆಯಿಂದ ನರ್ಸ್ ಒಬ್ಬೊಬ್ಬರ ಹೆಸರು ಕೂಗಿ ಮಾತ್ರೆ ಕೊಡುತ್ತ ಬರುತ್ತಿದ್ದಳು. ವಿಷಯ ತಿಳಿದರೆ ಮುಖ ಮುಚ್ಚಿ ಈಗಲೇ ಎತ್ತಿಕೊಂಡು ಹೋಗುತ್ತಾರೆ. ಮಗಳು ಹೊದಿಕೆಯನ್ನು ಅಪ್ಪನ ಗಲ್ಲದವರೆಗೆ ಎಳೆದು, ಅಡ್ಡಲಾಗಿ ಕುಳಿತಳು.

“ಹಾಜರಿ!”

“ಹಾಜರ್,” ಎಂದಳು. ಅಪ್ಪನ ಕೈ ಹಿಡಿದು ಇನ್ನೊಮ್ಮೆ ಎಂದಳು, “ಹಾಜರ್.”

“ಒಂದ್ಸಲ ಹೇಳಿದ್ರೆ ಸಾಕಮ್ಮ,” ಎಂದು ನಗುತ್ತ ನರ್ಸ್ ಮಾತ್ರೆಯನ್ನು ಅವಳ ಕೈಗಿಟ್ಟು ಮುಂದಿನ ಮಂಚಕ್ಕೆ ಹೋದಳು.